‘ಬೆಂಕಿ ಹಚ್ಚಿದರು’, ‘ಹೊತ್ತಿಸಿದರು’: ಬಳಕೆಯಲ್ಲಿ ವ್ಯತ್ಯಾಸವೇನು?

ಪ್ರಶ್ನೆ: ನಾನು ಊರಿನ ಸುದ್ದಿಗಳನ್ನು ಪತ್ರಿಕೆಗೆ ಬರೆದು ಕಳಿಸುತ್ತೇನೆ. ‘ಕಿಡಿಗೇಡಿಗಳು ಹುಲ್ಲಿನ ಬಣವೆಗೆ ಬೆಂಕಿ ಹೊತ್ತಿಸಿದರು’ ಎಂಬ ನನ್ನ ವಾಕ್ಯವನ್ನು ಹಿರಿಯರೊಬ್ಬರು ‘ಬೆಂಕಿ ಹಚ್ಚಿದರು’ ಎಂದು ತಿದ್ದಿದರು. ಎರಡರ ಅರ್ಥ ಬೇರೆಯೇ?

ಉತ್ತರ (ಕರಡು ತಿದ್ದುವ ವೃತ್ತಿಯವರು): ನಿಮ್ಮ ವಾಕ್ಯ ತಪ್ಪೆಂದು ಹೇಳಲಾರೆ, ಆದರೆ ತಿದ್ದಿದ್ದು ಹೆಚ್ಚು ಒಪ್ಪುತ್ತದೆ. ‘ಹೊತ್ತು’ ಎಂಬುದು ತಾನಾಗಿ ನಡೆಯುವ ಕ್ರಿಯೆ. ಸೌದೆ ಹೊತ್ತಿತು, ಒಲೆ ಹೊತ್ತಿಕೊಂಡಿತು ಎನ್ನುತ್ತೇವೆ. ಅದಕ್ಕೆ ‘ಇಸು’ ಸೇರಿ ‘ಹೊತ್ತಿಸು’ ಆಗಿರುವುದರಿಂದ, ಯಾವುದು ಹೊತ್ತಿಕೊಳ್ಳಬೇಕೋ ಅದೇ ಅದರ ಕರ್ಮ: ಒಲೆಯನ್ನು ಹೊತ್ತಿಸಿದಳು. ‘ಹಚ್ಚು’ ಎಂದರೆ ತಾಗಿಸು, ಬಳಿ; ತಲೆಗೆ ಎಣ್ಣೆ ಹಚ್ಚುವಂತೆ, ಗೋಡೆಗೆ ಸುಣ್ಣ ಹಚ್ಚುವಂತೆ ಬಣವೆಗೆ ಬೆಂಕಿ ಹಚ್ಚುತ್ತಾರೆ.

ಮಳೆಗಾಲದಲ್ಲಿ ಹಸಿ ಸೌದೆಯ ಒಲೆಯ ಮುಂದೆ ಕುಳಿತವರನ್ನು ನೆನೆದುಕೊಳ್ಳಿ. ಕಡ್ಡಿ ಗೀರಿ, ಒಣಗಿದ ತೆಂಗಿನ ಗರಿಗೆ ತಾಗಿಸಿ, ಊದುಗೊಳವೆಯಿಂದ ಊದಿ ಊದಿ ಕಣ್ಣಲ್ಲಿ ನೀರು ಬಂದರೂ ಅವರು ಹೇಳುವುದು ‘ಎಷ್ಟು ಹಚ್ಚಿದರೂ ಹೊತ್ತುತ್ತಿಲ್ಲ’ ಎಂದೇ. ‘ಹೊತ್ತಿಸಿದೆ, ಹೊತ್ತಲಿಲ್ಲ’ ಎಂದರೆ ಮಾತು ತನ್ನನ್ನೇ ಅಲ್ಲಗಳೆಯುತ್ತದೆ. ಹಚ್ಚುವುದು ಕೈಯ ಕೆಲಸ. ಹೊತ್ತಿಸುವುದರಲ್ಲಿ ಆ ಕೆಲಸ ಫಲಿಸಿದ್ದೂ ಸೇರಿದೆ.

ಇನ್ನೊಂದು ಸೂಕ್ಷ್ಮ ನನಗೆ ಬಹಳ ಪ್ರಿಯವಾದದ್ದು. ದೀಪ, ಊದಿನಕಡ್ಡಿ, ಪಟಾಕಿಯಂಥ, ಉರಿಯಲೆಂದೇ ಮಾಡಿದ ವಸ್ತುಗಳಾದರೆ ‘ಬೆಂಕಿ’ ಎಂಬ ಮಾತೇ ಬೇಡ, ದೀಪ ಹಚ್ಚಿದಳು ಎಂದರೆ ಸಾಕು. ಮನೆ, ಬಣವೆ, ಬಸ್ಸು ಆದರೆ ‘ಬೆಂಕಿ’ ಬೇಕೇ ಬೇಕು. ‘ಬಸ್ಸು ಹಚ್ಚಿದರು’ ಎಂದು ಯಾರೂ ಅನ್ನುವುದಿಲ್ಲ.

ಯಾರು ಮಾಡಿದರೆಂದು ಖಚಿತವಿಲ್ಲದಿದ್ದರೆ ಇವೆರಡನ್ನೂ ಬಿಟ್ಟು ‘ಬಣವೆಗೆ ಬೆಂಕಿ ಬಿದ್ದಿದೆ’ ಎಂದು ಬರೆಯಿರಿ. ‘ಹಚ್ಚಿದರು’ ಎಂದೊಡನೆ ಒಬ್ಬ ಅಪರಾಧಿ ಇದ್ದಾನೆಂದು ನೀವೇ ತೀರ್ಮಾನಿಸಿದಂತಾಗುತ್ತದೆ.

ಮರುಪ್ರಶ್ನೆ: ಹಾಗಾದರೆ ‘ಹೊತ್ತ ದೀಪ’ ಸರಿಯೋ, ‘ಹೊತ್ತಿದ ದೀಪ’ ಸರಿಯೋ?

ಉತ್ತರ: ಉರಿಯುತ್ತಿರುವ ದೀಪಕ್ಕೆ ‘ಹೊತ್ತಿದ ದೀಪ’ ಎಂದೇ ಬರೆಯಬೇಕು. ‘ಹೊತ್ತ’ ಎಂಬುದು ‘ಹೊರು’ ಧಾತುವಿನ ರೂಪ; ‘ದೀಪ ಹೊತ್ತ ಹುಡುಗಿ’ ಎಂದರೆ ದೀಪವನ್ನು ತಲೆಯ ಮೇಲೆ ಹೊತ್ತವಳು. ವೇಳೆ ಎಂಬ ಅರ್ಥದ ‘ಹೊತ್ತು’ ಮೂರನೆಯ ಪದ, ಹಳಗನ್ನಡದಲ್ಲಿ ಅದು ‘ಪೊೞ್ತು’. ಹಾಗಾಗಿ ‘ಹೊತ್ತು ಮುಳುಗುವ ಹೊತ್ತಿಗೆ ಹುಲ್ಲು ಹೊತ್ತು ತಂದು ಒಲೆ ಹೊತ್ತಿಸಿದಳು’ ಎಂಬ ಒಂದೇ ವಾಕ್ಯದಲ್ಲಿ ಮೂರೂ ಬರಬಲ್ಲವು.