ಮೊಣಕಾಲು ನೋವಿದ್ದವರು ಇಂಗ್ಲೆಂಡಿನ ಕಾಲುವೆ ದೋಣಿಯಲ್ಲಿ ಒಂದು ವಾರ ಇರಬಹುದಾ?

ಗಂಗಾವತಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ಮಗ, ಸೊಸೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದ್ದಾರೆ. ಜೂನ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾರೆ. ಅಲ್ಲಿನ ಕಾಲುವೆಗಳಲ್ಲಿ ಉದ್ದನೆಯ ದೋಣಿ ಬಾಡಿಗೆಗೆ ಸಿಗುತ್ತದಂತೆ. ಅಡುಗೆ, ಊಟ, ನಿದ್ದೆ ಎಲ್ಲಾ ಅದರಲ್ಲೇ. ನಾವೇ ನಡೆಸಿಕೊಂಡು ಹೋಗಬೇಕಂತೆ, ಲೈಸೆನ್ಸ್ ಕೂಡ ಕೇಳುವುದಿಲ್ಲವಂತೆ. ಒಂದು ವಾರ ಹೋಗೋಣ ಅಂತ ಮಗನ ಆಸೆ. ಸ್ಟೋರ್‌ಪೋರ್ಟ್ ರಿಂಗ್ ಅಂತ ಒಂದು ದಾರಿ ಹೇಳುತ್ತಿದ್ದಾನೆ. ದುಡ್ಡು ಇನ್ನೂ ಕಟ್ಟಿಲ್ಲ.

ನಮ್ಮ ಮನೆಯವರು ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಗೇಟ್ ಎತ್ತುವುದು, ಇಳಿಸುವುದು, ಗೇಜ್ ನೋಡುವುದು, ರಾತ್ರಿ ಕಾವಲು, ಇದರಲ್ಲೇ ಅವರ ಆಯುಷ್ಯ ಕಳೆಯಿತು. ಕಾಲುವೆ ಅಂದ ಕೂಡಲೇ "ಹೋಗೋಣ" ಅಂದರು. ಆದರೆ ಎರಡೂ ಮೊಣಕಾಲು ನೋವು, ಮೆಟ್ಟಿಲು ಇಳಿಯುವಾಗ ಏನಾದರೂ ಹಿಡಿದುಕೊಳ್ಳಲೇಬೇಕು. ನನಗೆ ಈಜು ಬರುವುದಿಲ್ಲ. ನಮ್ಮ ಕಾಲುವೆಗೆ ಬಿದ್ದವರನ್ನು ಹುಡುಕುವುದನ್ನು ಕಣ್ಣಾರೆ ನೋಡಿದವಳು ನಾನು, ಅದಕ್ಕೇ ಹೆದರಿಕೆ. ಇನ್ನು ಅಡುಗೆ. ಜೋಳದ ರೊಟ್ಟಿ ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ. ದೋಣಿಯಲ್ಲಿ ರೊಟ್ಟಿ ಬಡಿಯಲು ಆಗುತ್ತದಾ? ಪಾಯಿಖಾನೆ ಹೇಗಿರುತ್ತದೆ? ಹೋಗಿ ಬಂದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಸಿಂಧನೂರಿನವ, ಈಗ ಕವೆಂಟ್ರಿ:

ಅಮ್ಮಾ, ನಮಸ್ಕಾರ. ನಾನು ಸಿಂಧನೂರಿನವನು. ನಮ್ಮ ಹೊಲಕ್ಕೆ ನೀರು ಬರುತ್ತಿದ್ದದ್ದು ಅದೇ ಎಡದಂಡೆ ಕಾಲುವೆಯಿಂದ. ಈಗ ಕವೆಂಟ್ರಿಯಲ್ಲಿ ಇದ್ದೇನೆ. ರಜೆ ಸಿಕ್ಕರೆ ಮನೆಯವರೆಲ್ಲ ದೋಣಿ ಹತ್ತುತ್ತೇವೆ. ಧೈರ್ಯವಾಗಿ ಹೋಗಿ. ಆದರೆ ಆ ರಿಂಗ್ ಮಾತ್ರ ಬೇಡ. ಇದನ್ನು ನಿಮ್ಮ ಮಗನಿಗೆ ಇವತ್ತೇ ಹೇಳಿ.

ಯಾಕೆ ಅಂದರೆ, ಆ ದಾರಿಯಲ್ಲಿ ಟಾರ್ಡೆಬಿಗ್ ಅಂತ ಒಂದು ಜಾಗ ಬರುತ್ತದೆ. ಅಲ್ಲಿ 4 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ 30 ಲಾಕ್‌ಗಳಿವೆ. ಲಾಕ್ ಅಂದರೆ ಎರಡೂ ತುದಿಗೆ ಗೇಟ್ ಇರುವ ತೊಟ್ಟಿ, ಅದರೊಳಗೆ ನೀರು ಏರಿಸಿ ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುತ್ತಾರೆ. ಬ್ರಿಟನ್‌ನಲ್ಲೇ ಅಷ್ಟು ಉದ್ದದ ಲಾಕ್ ಸಾಲು ಇನ್ನೊಂದಿಲ್ಲ. ಒಂದೊಂದಕ್ಕೂ ದೋಣಿಯಿಂದ ಇಳಿದು, ಗೇಟ್ ತಳ್ಳಿ, ನೀರು ತುಂಬಿಸಿ ಅಥವಾ ಖಾಲಿ ಮಾಡಿ, ಮತ್ತೆ ಹತ್ತಬೇಕು. ವಯಸ್ಸಿನ ಹುಡುಗರಿಗೇ ಒಂದು ದಿನ ಪೂರ್ತಿ ಹೋಗುತ್ತದೆ. ಅದರ ಮೇಲೆ ಸೆವರ್ನ್ ನದಿಯಲ್ಲೂ ಸ್ವಲ್ಪ ದೂರ ಸಾಗಬೇಕು. ನದಿಯಲ್ಲಿ ಸೆಳವು ಇರುತ್ತದೆ, ಮಳೆ ಬಂದರೆ ಜಾಸ್ತಿ ಆಗುತ್ತದೆ. ರಿಂಗ್ ಅಂದರೆ ಸುತ್ತು ಮುಗಿಸಲೇಬೇಕು, ಅರ್ಧ ದಾಟಿದ ಮೇಲೆ ಸಾಕು ಅನಿಸಿದರೆ ಹಿಂದಕ್ಕೆ ಬರುವುದೇ ಹೆಚ್ಚು ದೂರ. ಅಪ್ಪ ಅಮ್ಮನ ಜೊತೆ ಅಂಥ ದಾರಿ ಹಿಡಿಯಬಾರದು. ಹೋದ ದಾರಿಯಲ್ಲೇ ತಿರುಗಿ ಬರುವಂಥದ್ದನ್ನು ಆರಿಸಿ.

ಮೊಣಕಾಲಿಗೆ ಒಳ್ಳೆಯದು ಆಶ್ಬಿ ಕಾಲುವೆ. ಸುಮಾರು 35 ಕಿಲೋಮೀಟರು ಉದ್ದ, ಒಂದೇ ಒಂದು ಲಾಕ್ ಇಲ್ಲ. ಎರಡೂ ಕಡೆ ಹೊಲ, ಕುರಿ, ಕಲ್ಲಿನ ಕಮಾನು ಸೇತುವೆಗಳು. 1485ರಲ್ಲಿ ಯುದ್ಧ ನಡೆದ ಬಾಸ್ವರ್ತ್ ಬಯಲು ಕೂಡ ಅಲ್ಲೇ ಪಕ್ಕದಲ್ಲಿದೆ. ಹೋಗಿ ಬರಲು ಒಂದು ವಾರ ಧಾರಾಳವಾಗಿ ಸಾಕು. ದೋಣಿಯ ವೇಗದ ಮಿತಿಯೇ ಗಂಟೆಗೆ 4 ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರು. ನಿಜವಾಗಿ ಹೋಗುವುದು ಅದಕ್ಕಿಂತ ಕಡಿಮೆ. ದಂಡೆಗೆ ಕಟ್ಟಿದ ಬೇರೆ ದೋಣಿಗಳ ಪಕ್ಕ ಹೋಗುವಾಗ ಇನ್ನೂ ನಿಧಾನ ಮಾಡಬೇಕು. ಇಲ್ಲದಿದ್ದರೆ ಅವರ ದೋಣಿ ಜಗ್ಗಿ, ಒಲೆ ಮೇಲಿನ ಪಾತ್ರೆ ಅಲುಗುತ್ತದೆ.

ಆದರೆ ಯಜಮಾನರ ವಿಷಯ ಓದಿದ ಮೇಲೆ ನನ್ನ ಮನಸ್ಸು ಇನ್ನೊಂದು ದಾರಿಯ ಕಡೆ ಹೋಗುತ್ತದೆ. ವೇಲ್ಸ್ ಗಡಿಯ ಲಾಂಗಾಲೆನ್ ಕಾಲುವೆ. ಇಲ್ಲಿನ ಕಾಲುವೆಗಳಲ್ಲಿ ನೀರು ಸಾಮಾನ್ಯವಾಗಿ ನಿಂತೇ ಇರುತ್ತದೆ, ಇದರಲ್ಲಿ ಮಾತ್ರ ಹರಿಯುತ್ತದೆ. ಡೀ ನದಿಗೆ ಅರ್ಧಚಂದ್ರದ ಆಕಾರದಲ್ಲಿ ಒಂದು ಒಡ್ಡು ಕಟ್ಟಿ ನೀರು ತಿರುಗಿಸಿದ್ದಾರೆ. ಅದಕ್ಕೆ ಹಾರ್ಸ್‌ಶೂ ಫಾಲ್ಸ್ ಅನ್ನುತ್ತಾರೆ. ಆ ನೀರು ದೋಣಿಗೂ ಆಗುತ್ತದೆ, ಕೊನೆಗೆ ಹರ್ಲ್‌ಸ್ಟನ್ ಅನ್ನುವ ಕೆರೆ ಸೇರಿ ಜನರಿಗೆ ಕುಡಿಯಲೂ ಹೋಗುತ್ತದೆ. ಸಾಣಾಪುರದ ಕಡೆ ವಿಜಯನಗರ ಕಾಲದ ಒಡ್ಡು, ಕಾಲುವೆ ನೋಡಿಕೊಂಡೇ ಬೆಳೆದವರಿಗೆ ಅದನ್ನು ನೋಡುವ ಕಣ್ಣೇ ಬೇರೆ. ಟ್ರೆವರ್ ಅಥವಾ ಚರ್ಕ್ ಕಡೆಯಿಂದ ದೋಣಿ ತೆಗೆದುಕೊಂಡರೆ ಲಾಂಗಾಲೆನ್ ಊರಿನವರೆಗೆ ಲಾಕ್ ಇಲ್ಲ. ಅದೇ ಕಾಲುವೆಯಲ್ಲಿ ಪಾಂಟ್‌ಕಿಸಿಲ್ಟೆ ಮೇಲ್ಗಾಲುವೆ ಇದೆ. 1805ರಲ್ಲಿ ತೆರೆದದ್ದು. ಕಣಿವೆಯ ಮೇಲೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ. ಅದರೊಳಗೆ ನೀರು, ನೀರಿನ ಮೇಲೆ ನಮ್ಮ ದೋಣಿ. ಒಂದು ಬದಿಯಲ್ಲಿ ಕಾಲುದಾರಿ ಮತ್ತು ಕಂಬಿ ಇದೆ. ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಅಮ್ಮಾ, ನಿಮಗೆ ಹೆದರಿಕೆ ಆದರೆ ಆ ಹೊತ್ತು ಒಳಗೆ ಕೂತುಬಿಡಿ. ಯಜಮಾನರನ್ನು ಮಾತ್ರ ಹೊರಗೆ ನಿಲ್ಲಿಸಿ.

ಈಜಿನ ಮಾತು. ನಮ್ಮ ಕಾಲುವೆಗೂ ಇಲ್ಲಿನದಕ್ಕೂ ವ್ಯತ್ಯಾಸ ಜಾಸ್ತಿ. ನಮ್ಮದು ಹೊಲಕ್ಕೆ ನೀರು ಒಯ್ಯುವ ಕಾಲುವೆ. ಇಳಿಜಾರು ಕೊಟ್ಟು, ಸಿಮೆಂಟ್ ಹಾಕಿದ್ದಾರೆ. ನೀರಿಗೆ ಸೆಳವು, ದಂಡೆಗೆ ಪಾಚಿ, ಬಿದ್ದವರಿಗೆ ಕೈಗೆ ಏನೂ ಸಿಗುವುದಿಲ್ಲ. ಇಲ್ಲಿನವು ಕುದುರೆ ಎಳೆಯುವ ದೋಣಿಗಳಿಗೆ ತೋಡಿದವು. ಅದಕ್ಕೇ ಮಟ್ಟಸವಾಗಿ, ಗುಡ್ಡ ಬಂದರೆ ಬಳಸಿಕೊಂಡು ಹೋಗುತ್ತವೆ. ಹೆಚ್ಚಿನ ಕಡೆ ಎದೆಮಟ್ಟಕ್ಕಿಂತ ಆಳ ಇರುವುದಿಲ್ಲ. ಆದರೂ ಲೈಫ್ ಜಾಕೆಟ್ ಕೇಳಿ ತೆಗೆದುಕೊಳ್ಳಿ, ದೋಣಿಯ ಹೊರಗೆ ಇರುವಷ್ಟು ಹೊತ್ತೂ ಹಾಕಿಕೊಳ್ಳಿ. ನೀರಿಗಿಂತ ಜಾಸ್ತಿ ಭಯಪಡಬೇಕಾದದ್ದು ದೋಣಿಯ ತೂಕಕ್ಕೆ. ಉಕ್ಕಿನ ದೋಣಿ, 15 ಟನ್ನಿಗೂ ಮೇಲೆ ತೂಗುವುದಿದೆ. ದಂಡೆಗೆ ತಾಗುತ್ತಿದೆ ಅಂತ ಕೈ ಕಾಲು ಅಡ್ಡ ಕೊಡಲೇಬೇಡಿ. ತಾಗಿದರೆ ತಾಗಲಿ.

ಮೊಣಕಾಲಿಗೆ ನಿಜವಾದ ತೊಂದರೆ ಒಳಗೆ ಇಳಿಯುವ ಮೆಟ್ಟಿಲು. ಕಡಿದಾಗಿ ಮೂರ್ನಾಲ್ಕು ಮೆಟ್ಟಿಲು ಇರುತ್ತವೆ. ಹಿಡಿ ಇದೆಯಾ, ಮಂಚ ಎಷ್ಟು ಎತ್ತರ, ಫೋಟೋ ಕಳಿಸಿ ಅಂತ ಬುಕ್ ಮಾಡುವ ಮೊದಲೇ ಕೇಳಿ. ದೋಣಿಯ ಅಗಲ 7 ಅಡಿಗೂ ಕಡಿಮೆ, ಒಬ್ಬರು ನಿಂತರೆ ಇನ್ನೊಬ್ಬರು ಒತ್ತಿಕೊಂಡೇ ದಾಟಬೇಕು. 'ಕ್ರೂಸರ್ ಸ್ಟರ್ನ್' ಇರುವ ದೋಣಿ ಕೇಳಿ. ಅದರಲ್ಲಿ ಹಿಂಭಾಗ ಅಗಲವಾಗಿರುತ್ತದೆ. ಒಂದು ಮಡಚುವ ಕುರ್ಚಿ ಹಾಕಿಕೊಂಡು ಅವರು ಮಗನ ಪಕ್ಕದಲ್ಲೇ ಕೂರಬಹುದು.

ಇನ್ನು ದಿನದ ಬದುಕು. ನೀರಿನ ಟ್ಯಾಂಕ್ ಖಾಲಿ ಆಗುತ್ತದೆ, ದಿನ ಬಿಟ್ಟು ದಿನವಾದರೂ ತುಂಬಿಸಿ. ದಂಡೆಯಲ್ಲಿ ಅಲ್ಲಲ್ಲಿ ನಲ್ಲಿಗಳಿವೆ, ತುಂಬುವಷ್ಟರಲ್ಲಿ ಊಟ ಮುಗಿಸಬಹುದು. ಸ್ನಾನಕ್ಕೆ ಬಿಸಿನೀರು ಎಂಜಿನ್ ಓಡಿದ್ದರಿಂದಲೇ ಬರುತ್ತದೆ, ಹಾಗಾಗಿ ದೋಣಿ ನಿಲ್ಲಿಸಿದ ಮೇಲೆ ಸಂಜೆ ಸ್ನಾನ ಮಾಡುವುದು ಒಳ್ಳೆಯದು. ಪಾಯಿಖಾನೆ ಕಮೋಡ್. ಅದರ ಕೆಳಗೆ ದೊಡ್ಡ ಟ್ಯಾಂಕ್ ಇದ್ದರೆ 'ಪಂಪ್ ಔಟ್', ಚಿಕ್ಕ ಡಬ್ಬಿ ಇದ್ದರೆ 'ಕ್ಯಾಸೆಟ್'. ನಾವು ಚೊಂಬಿನಲ್ಲಿ ನೀರು ಬಳಸುವವರು, ಕ್ಯಾಸೆಟ್ ಬೇಗ ತುಂಬುತ್ತದೆ, ಅದನ್ನು ಎತ್ತಿಕೊಂಡು ಹೋಗಿ ನಾವೇ ಖಾಲಿ ಮಾಡಬೇಕು. ಪಂಪ್ ಔಟ್ ಇರುವುದನ್ನೇ ಕೇಳಿ ಅಂತ ಮಗನಿಗೆ ಹೇಳಿ.

ರೊಟ್ಟಿ ಖಂಡಿತ ಬಡಿಯಬಹುದು. ದೋಣಿ ಕಟ್ಟಿದ ಮೇಲೆ ಅಲುಗುವುದೇ ಇಲ್ಲ. ಗ್ಯಾಸ್ ಒಲೆ ಇರುತ್ತದೆ, ಉರಿ ಮಾತ್ರ ನಮ್ಮ ಮನೆಯಷ್ಟು ಜೋರು ಇರುವುದಿಲ್ಲ. ಹಂಚು ನೀವೇ ಒಯ್ಯಿರಿ. ಜೋಳದ ಹಿಟ್ಟು ಬರ್ಮಿಂಗ್‌ಹ್ಯಾಮ್‌ನ ಸೋಹೋ ರಸ್ತೆಯ ಅಂಗಡಿಗಳಲ್ಲಿ ಕೇಳಿ, 'ಜುವಾರ್' ಅಂದರೆ ಕೊಡುತ್ತಾರೆ. ರೊಟ್ಟಿ ಮಾಡುವಾಗ ಕಿಟಕಿ ತೆಗೆದಿರಿ. ಚಳಿ ಅಂತ ಗಾಳಿ ಬರುವ ಕಿಂಡಿಗಳಿಗೆ ಬಟ್ಟೆ ತುರುಕಬೇಡಿ. ಚಿಕ್ಕ ಜಾಗದಲ್ಲಿ ಒಲೆಯ ವಿಷಗಾಳಿ ನಿಂತರೆ ಜೀವಕ್ಕೇ ಅಪಾಯ. ಮಿಕ್ಸಿ ನೆಚ್ಚಿಕೊಳ್ಳಬೇಡಿ, ದೋಣಿಯ ಕರೆಂಟು ಬ್ಯಾಟರಿಯದು. ಪುಡಿ, ಮಸಾಲೆ ಎಲ್ಲಾ ಮಗನ ಮನೆಯಲ್ಲೇ ರುಬ್ಬಿಕೊಂಡು ಹೊರಡಿ.

ರಾಯಚೂರು ಶಾರದೆ:

ಅಕ್ಕಾ, ಅಷ್ಟು ದೂರ ಹೋಗಿ ಹೆದರುವ ಬದಲು, ಮೊದಲು ಕೇರಳದಲ್ಲಿ ಒಂದು ರಾತ್ರಿ ಇದ್ದು ನೋಡಬಹುದಲ್ವಾ? ನಾವು ಅತ್ತೆ ಮಾವನನ್ನು ಆಲಪ್ಪುಳಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ನಡೆಸುವವರು, ಅಡುಗೆಯವರು ದೋಣಿಯಲ್ಲೇ ಇರುತ್ತಾರೆ, ನಮಗೆ ಕೆಲಸ ಇಲ್ಲ. ಮಧ್ಯಾಹ್ನ ಹತ್ತಿಸಿಕೊಂಡು ಮರುದಿನ ಬೆಳಿಗ್ಗೆ 9ರ ಹೊತ್ತಿಗೆ ಇಳಿಸಿದರು. ಸಂಜೆ ಐದೂವರೆ ಆರಕ್ಕೆ ದೋಣಿ ನಿಲ್ಲಿಸಿಬಿಡುತ್ತಾರೆ, ಮೀನುಗಾರರು ಬಲೆ ಹಾಕುವ ಹೊತ್ತು ಅದು. ಮಾವನವರಿಗೆ ಹಿಡಿಸಿದ್ದು ಕುಟ್ಟನಾಡಿನ ಗದ್ದೆಗಳು. ಕಾಲುವೆ ನೀರು ಮೇಲೆ, ಭತ್ತದ ಗದ್ದೆ ಕೆಳಗೆ, ನಡುವೆ ಒಂದು ಏರಿ ಅಷ್ಟೇ. ನೀರನ್ನು ಪಂಪ್ ಹಚ್ಚಿ ಹೊರಗೆ ಹಾಕಿ ಬೆಳೆ ತೆಗೆಯುತ್ತಾರೆ. ನಮ್ಮ ಕಡೆ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟಲಿಲ್ಲ ಅಂತ ಹೋರಾಟ, ಅಲ್ಲಿ ನೀರು ಹೊರಗೆ ಹಾಕುವ ಹೋರಾಟ.

ಗಂಗಾವತಿ ಅಮ್ಮ:

ತಮ್ಮಾ, ಶಾರದಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವರಿಗೆ ಪೂರ್ತಿ ಓದಿ ಹೇಳಿದೆ. ಲಾಂಗಾಲೆನ್ನೇ ಆಗಲಿ ಅಂದರು. ಮಗನೂ ಒಪ್ಪಿದ. ಆದರೆ ಇವರದು ಒಂದು ಪ್ರಶ್ನೆ, ರಾತ್ರಿಯಿಂದ ಅದೇ ಮಾತು. ಲಾಕ್ ತೆರೆದಾಗಲೆಲ್ಲ ಮೇಲಿನ ನೀರು ಕೆಳಗೆ ಹೋಗುತ್ತದೆ. ಹಾಗಾದರೆ ಗುಡ್ಡದ ಮೇಲಿನ ಕಾಲುವೆಗೆ ನೀರು ಎಲ್ಲಿಂದ ಬರುತ್ತದೆ? ಒಂದೇ ಒಂದು ಲಾಕ್ ಆದರೂ ಅವರ ಕೈಯಾರೆ ತೆರೆಯಬೇಕಂತೆ.

ಸಿಂಧನೂರಿನವ, ಈಗ ಕವೆಂಟ್ರಿ:

ಇದನ್ನು ಕೇಳುವವರು ಯಾರಾದರೂ ಸಿಗಲಿ ಅಂತ ಕಾಯುತ್ತಿದ್ದೆ ಅಮ್ಮಾ! ಒಂದು ಸಣ್ಣ ಲಾಕ್ ಇಳಿದರೆ 1 ಲಕ್ಷ ಲೀಟರಿಗೂ ಜಾಸ್ತಿ ನೀರು ಕೆಳಗೆ ಹೋಗುತ್ತದೆ. ಅದಕ್ಕಾಗಿಯೇ ಎತ್ತರದ ಜಾಗಗಳಲ್ಲಿ ಕೆರೆ ಕಟ್ಟಿದ್ದಾರೆ. ಕೆಲವು ಕಡೆ ಕೆಳಗಿನ ನೀರನ್ನೇ ಪಂಪ್ ಮಾಡಿ ಮೇಲಕ್ಕೆ ತರುತ್ತಾರೆ. ಮಳೆ ಕೈಕೊಟ್ಟರೆ ಲಾಕ್‌ಗಳನ್ನು ಮುಚ್ಚುತ್ತಾರೆ. 2025ರ ಬೇಸಿಗೆಯಲ್ಲಿ ಎಷ್ಟೋ ಕಡೆ ಹಾಗೇ ಆಯಿತು, ಜನ ದೋಣಿ ಕಟ್ಟಿದಲ್ಲೇ ಉಳಿದರು. ನೀರು ಇದ್ದರೆ ಗೇಟ್, ಇಲ್ಲದಿದ್ದರೆ ಬೀಗ. ಯಜಮಾನರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಚರ್ಕ್‌ನಿಂದ ಲಾಂಗಾಲೆನ್‌ಗೆ ಹೋಗದೆ, ಎದುರು ದಿಕ್ಕಿಗೆ ಸ್ವಲ್ಪ ಬಂದರೆ ನ್ಯೂ ಮಾರ್ಟನ್‌ನಲ್ಲಿ ಎರಡು ಲಾಕ್ ಸಿಗುತ್ತವೆ. ಅಲ್ಲಿ ಅವರ ಆಸೆ ತೀರಿಸಿ. ಗೇಟಿನ ಉದ್ದನೆಯ ತೊಲೆಯನ್ನು ಬೆನ್ನು ಕೊಟ್ಟು ತಳ್ಳುವುದು ಕಾಲಿನ ಕೆಲಸ, ಅದು ಮಗನಿಗಿರಲಿ. ತೂಬಿನ ಹಲಗೆ ಎತ್ತುವುದು ಕೈಯ ಕೆಲಸ. ವಿಂಡ್ಲಾಸ್ ಅಂತ ಒಂದು ಹಿಡಿಕೆ ಕೊಡುತ್ತಾರೆ, ಅದನ್ನು ಹಾಕಿ ತಿರುಗಿಸಿದರೆ ಹಲಗೆ ಮೇಲೇರುತ್ತದೆ, ನೀರು ನುಗ್ಗುತ್ತದೆ. ಎತ್ತಿದ ಮೇಲೆ ಹಿಡಿಕೆಯನ್ನು ಅಲ್ಲೇ ಬಿಡಬಾರದು. ಕೊಂಡಿ ಜಾರಿದರೆ ಗಿರ್ರನೆ ತಿರುಗಿ ಕೈ ಮುರಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಕೆಳಗೆ ಇಳಿಯುವಾಗ ಲಾಕ್‌ನ ಮೇಲಿನ ಗೇಟಿನ ಬುಡದಲ್ಲಿ ಒಂದು ಕಟ್ಟೆ ಇರುತ್ತದೆ, 'ಸಿಲ್' ಅನ್ನುತ್ತಾರೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ, ನೀರು ಇಳಿದಂತೆ ಮೂತಿ ಕೆಳಗಾಗಿ ದೋಣಿ ಮುಳುಗಿದ್ದುಂಟು. ಎಲ್ಲಿಂದ ಮುಂದೆ ಇರಬೇಕು ಅಂತ ಗೋಡೆಯ ಅಂಚಿಗೆ ಬಿಳಿ ಗೆರೆ ಎಳೆದಿರುತ್ತಾರೆ. ಮಗ, ಸೊಸೆ ಇಬ್ಬರ ಗಮನವೂ ದೋಣಿ ನಡೆಸುವುದರಲ್ಲಿ, ಗೇಟಿನಲ್ಲಿ ಇರುತ್ತದೆ. ಆ ಗೆರೆ ನೋಡುವ ಕೆಲಸ ಯಜಮಾನರದ್ದಾಗಲಿ. ಅವರು "ನಿಲ್ಲಿಸು" ಅಂದರೆ ಮಗ ಎರಡು ಮಾತಿಲ್ಲದೆ ತೂಬು ಮುಚ್ಚಬೇಕು.

ಮಾನ್ವಿ ಮೇಷ್ಟ್ರು:

ಯಜಮಾನರಿಗೆ ಇದನ್ನೂ ಹೇಳಿ. ನಮ್ಮ ತುಂಗಭದ್ರೆಯ ನೀರಿನಲ್ಲೂ ಹೀಗೆ ದೋಣಿ ನಡೆಸುವ ಯೋಜನೆ ಇತ್ತು. ಕರ್ನೂಲು ಹತ್ತಿರ ಸುಂಕೇಸುಲದಲ್ಲಿ ಒಡ್ಡು ಕಟ್ಟಿ ಕಡಪಾ ಕಡೆಗೆ ತೆಗೆದ ಕೆ.ಸಿ. (ಕರ್ನೂಲು-ಕಡಪಾ) ಕಾಲುವೆಯನ್ನು 1860ರ ದಶಕದಲ್ಲಿ ಒಂದು ಇಂಗ್ಲಿಷ್ ಕಂಪನಿ ತೋಡಿಸಿದ್ದು ನೀರಾವರಿಗೂ ಹೌದು, ದೋಣಿ ಸಾಗಾಟಕ್ಕೂ ಹೌದು. ಕಂಪನಿಗೆ ಲಾಭ ಆಗಲಿಲ್ಲ, 1882ರಲ್ಲಿ ಸರಕಾರ ಕೊಂಡುಕೊಂಡಿತು. ರಾಯಚೂರಿನಿಂದ ಕರ್ನೂಲು ದೂರವೇನಲ್ಲ, ಹೊರಡುವ ಮೊದಲು ಒಮ್ಮೆ ತೋರಿಸಿಕೊಂಡು ಬನ್ನಿ.

ಗಂಗಾವತಿ ಅಮ್ಮ:

ಮೇಷ್ಟ್ರೇ, ಕೆ.ಸಿ. ಕಾಲುವೆ ಹೆಸರು ಇವರಿಗೆ ಗೊತ್ತು, ದೋಣಿಯ ವಿಷಯ ಗೊತ್ತಿರಲಿಲ್ಲ. ಹೋಗುತ್ತೇವೆ. ತಮ್ಮಾ, ಕೊನೆಯದಾಗಿ, ಊರಿಂದ ಏನೇನು ಕಟ್ಟಿಕೊಂಡು ಹೋಗಲಿ?

ಸಿಂಧನೂರಿನವ, ಈಗ ಕವೆಂಟ್ರಿ:

ಖಡಕ್ ರೊಟ್ಟಿ ಎಷ್ಟಾಗುತ್ತದೋ ಅಷ್ಟು. ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ತುಪ್ಪ, ಖೋವಾ, ಪೇಢಾ ಬೇಡ. ಹಾಲಿನ ಪದಾರ್ಥ ಇಲ್ಲಿಗೆ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ತೆಗೆದಿಡುತ್ತಾರೆ. ಜೂನ್ ಆದರೂ ಸ್ವೆಟರ್, ಮಳೆ ಕೋಟು ಇರಲಿ. ಜಾರದ ಬೂಟು ಇಬ್ಬರಿಗೂ ಬೇಕೇ ಬೇಕು, ಚಪ್ಪಲಿಯಲ್ಲಿ ದೋಣಿಯ ಅಂಚಿನ ಮೇಲೆ ಕಾಲಿಡಬೇಡಿ. ದೊಡ್ಡ ಸೂಟ್‌ಕೇಸ್ ಇಡಲು ಜಾಗ ಇರುವುದಿಲ್ಲ, ಬಟ್ಟೆಯ ಚೀಲಗಳಲ್ಲಿ ತುಂಬಿಕೊಳ್ಳಿ. ಮೊದಲ ದಿನ ದೋಣಿ ಕೊಡುವವರು ಎಲ್ಲಾ ತೋರಿಸಿ ಹೇಳುತ್ತಾರೆ. ಅದನ್ನು ಮಗ ಒಬ್ಬನೇ ಕೇಳಿಸಿಕೊಂಡು ಬರುವುದು ಬೇಡ. ಯಜಮಾನರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೂ ಕನ್ನಡದಲ್ಲಿ ಹೇಳಲಿ, ಎಂಜಿನ್ ಹೇಗೆ ಆಫ್ ಮಾಡುವುದು ಅನ್ನುವುದನ್ನು ನಿಮಗೂ ತೋರಿಸಲಿ.