ಕಿಟಕಿಯ ಕ್ರ್ಯಾಂಕ್ ಹ್ಯಾಂಡಲ್ ಬರೀ ತಿರುಗುತ್ತೆ, ಕದ ಬರಲ್ಲ. ಏನು ಬದಲಿಸಬೇಕು?

ತೆರೆದ_ಕಿಟಕಿ ಕೇಳಿದ್ದು:

ಹೊರಕ್ಕೆ ತೆರೆಯುವ ಒಂಟಿ ಕದದ ಕಿಟಕಿ. ಮರದ ಚೌಕಟ್ಟು, ಎರಡು ಪದರದ ಗಾಜು, ಕದದ ಅಗಲ 60 ಸೆಂ.ಮೀ., ಎತ್ತರ 120 ಸೆಂ.ಮೀ. ಒಳಬದಿಯಲ್ಲಿ ಕೆಳಗಡೆ ಹ್ಯಾಂಡಲ್ ತಿರುಗಿಸಿ ತೆಗೆದು ಮುಚ್ಚುವ ಕ್ರ್ಯಾಂಕ್ ಇದೆ. ತೆಗೆಯುವಾಗ ಅಷ್ಟೇನೂ ತೊಂದರೆ ಇಲ್ಲ. ಮುಚ್ಚುವಾಗ ಇನ್ನು ನಾಲ್ಕು ಬೆರಳಷ್ಟು ಉಳಿದಿದೆ ಅನ್ನುವಾಗ ಹ್ಯಾಂಡಲ್ ಕಟಕಟ ಅಂತ ಜಾರಿ ಸುಮ್ಮನೆ ಸುತ್ತುತ್ತೆ. ಕೆಳಕ್ಕೆ ಒತ್ತಿ ಹಿಡಿದು ತಿರುಗಿಸಿದರೆ ಒಮ್ಮೊಮ್ಮೆ ಕಚ್ಚಿಕೊಳ್ಳುತ್ತೆ.

ಹ್ಯಾಂಡಲ್ ಒಂದೇ ಹೊಸದು ಹಾಕಿದರೆ ಸಾಕಾ, ಇಲ್ಲ ಗೇರ್ ಪೆಟ್ಟಿಗೆಯನ್ನೇ ಬದಲಿಸಬೇಕಾ? ಕೊಳ್ಳುವ ಮುಂಚೆ ಯಾವ ಅಳತೆ ತೆಗೆದುಕೊಳ್ಳಬೇಕು? ಎಪಾಕ್ಸಿ ತುಂಬಿ ಸರಿಮಾಡಬಹುದು ಅಂತಲೂ ಓದಿದೆ. ಅದು ನಿಲ್ಲುತ್ತಾ?

ಇಕ್ಕಳ_ಅರ:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಹಲ್ಲು ಹೋಗಿರುವುದು ಎಲ್ಲಿ ಅನ್ನುವುದು ಮೊದಲು ಗೊತ್ತಾಗಲಿ. ಜಾರಬಹುದಾದ ಜಾಗ ಮೂರೇ: ಹ್ಯಾಂಡಲಿನ ತೂತಿನ ಒಳಗಿರುವ ಹಲ್ಲು, ಅದು ಕೂರುವ ಶಾಫ್ಟಿನ ಹಲ್ಲು, ಪೆಟ್ಟಿಗೆಯ ಒಳಗಿನ ಗೇರು. ಹ್ಯಾಂಡಲ್ ಸಾಮಾನ್ಯವಾಗಿ ಸತುವಿನ ಎರಕ, ಶಾಫ್ಟ್ ಉಕ್ಕಿನದು. ಹಾಗಾಗಿ ಹೆಚ್ಚಿನ ಸಲ ಮೊದಲು ಸವೆಯುವುದು ಹ್ಯಾಂಡಲ್. ನೀವು ಒತ್ತಿ ಹಿಡಿದಾಗ ಕಚ್ಚಿಕೊಳ್ಳುತ್ತೆ ಅಂದಿರುವುದೂ ಅದನ್ನೇ ಹೇಳುತ್ತಿದೆ. ಆದರೂ ಪರೀಕ್ಷೆ ಮಾಡಿಯೇ ತೀರ್ಮಾನಿಸಿ.

ಹ್ಯಾಂಡಲಿನ ಬುಡದಲ್ಲಿ ಪುಟ್ಟ ಸ್ಕ್ರೂ ಇರುತ್ತೆ, ಅಲೆನ್ ಕೀಯದ್ದೋ ಚಪ್ಪಟೆ ಗೀರಿನದ್ದೋ. ಎರಡು ಸುತ್ತು ಸಡಿಲಿಸಿ ಹ್ಯಾಂಡಲನ್ನು ನೇರ ಮೇಲಕ್ಕೆ ಎಳೆಯಿರಿ. ಬರದಿದ್ದರೆ ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋದರೆ ಕೆಳಗಿನ ಮುಚ್ಚಳ ಸೀಳುತ್ತೆ.

ಈಗ ಬರೀ ಶಾಫ್ಟನ್ನು ಲಾಕಿಂಗ್ ಪ್ಲೈಯರಿನಲ್ಲಿ (ಕಚ್ಚಿ ಹಿಡಿದ ಹಾಗೇ ನಿಲ್ಲುವ ಇಕ್ಕಳ) ಹಿಡಿದು ತಿರುಗಿಸಿ. ಒಳ್ಳೆಯ ಹಲ್ಲು ಹಾಳಾಗದಂತೆ ಸವೆದ ತುದಿಯನ್ನಷ್ಟೇ ಹಿಡಿಯಿರಿ. ಕದ ಪೂರ್ತಿ ಹೋಗಿ ಪೂರ್ತಿ ಬಂದರೆ ಗೇರು ಚೆನ್ನಾಗಿದೆ, ತಪ್ಪು ಹ್ಯಾಂಡಲಿನದು ಅಥವಾ ಶಾಫ್ಟಿನ ಹಲ್ಲಿನದು. ಶಾಫ್ಟ್ ತಿರುಗಿಯೂ ಕದ ನಿಂತಲ್ಲೇ ನಿಂತರೆ, ಇಲ್ಲವೇ ಒಂದು ಜಾಗದಲ್ಲಿ ಮಾತ್ರ ಹಾರಿದರೆ, ಗೇರಿನ ಹಲ್ಲು ಹೋಗಿದೆ. ಗೇರು ಸವೆಯುವುದು ಹೆಚ್ಚಾಗಿ ಮುಚ್ಚುವ ಕೊನೆಯ ಭಾಗದಲ್ಲೇ, ಯಾಕೆಂದರೆ ಭಾರ ಬೀಳುವುದು ಅಲ್ಲೇ.

ಇನ್ನೊಂದು ಪರೀಕ್ಷೆ: ಕದವನ್ನು ಅರ್ಧ ತೆರೆದು ಹೊರ ಅಂಚನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಪೆಟ್ಟಿಗೆಯೊಳಗೆ ಸುರುಳಿ ಹಲ್ಲಿನ ವರ್ಮ್ ಗೇರು ಇರುತ್ತೆ. ಹ್ಯಾಂಡಲಿನಿಂದ ಕದ ಓಡುತ್ತೆಯೇ ಹೊರತು ಕದ ತಳ್ಳಿದರೆ ಹ್ಯಾಂಡಲ್ ತಿರುಗಲ್ಲ. ಅದಕ್ಕೇ ಗಾಳಿ ಬಡಿದರೂ ಕಿಟಕಿ ನಿಂತಲ್ಲೇ ನಿಲ್ಲುವುದು. ಕೈಯಲ್ಲಿ ತಳ್ಳಿದರೆ ಕದ ಸಲೀಸಾಗಿ ಓಡಾಡುತ್ತಿದೆ ಅಂದರೆ ಗೇರು ಮುಗಿದಿದೆ, ಇಲ್ಲವೇ ಪೆಟ್ಟಿಗೆಯಿಂದ ಕದಕ್ಕೆ ಹೋಗುವ ತೋಳು ಕದದಿಂದ ಕಳಚಿಕೊಂಡಿದೆ.

ಅಳತೆಗೆ ಬಂದರೆ, ಶಾಫ್ಟಿನ ದಪ್ಪವನ್ನು ವರ್ನಿಯರಿನಲ್ಲಿ ಹಲ್ಲು ಸವೆಯದ ಬುಡದ ಹತ್ತಿರ ತೆಗೆಯಿರಿ. ಹೆಚ್ಚು ಬಳಕೆಯಲ್ಲಿರುವುದು 5/16 ಇಂಚು (7.9 ಮಿ.ಮೀ.), 11/32 ಇಂಚು (8.7 ಮಿ.ಮೀ.) ಮತ್ತು 3/8 ಇಂಚು (9.5 ಮಿ.ಮೀ.). ಒಂದರಿಂದ ಇನ್ನೊಂದಕ್ಕೆ 0.8 ಮಿ.ಮೀ. ಅಷ್ಟೇ ವ್ಯತ್ಯಾಸ, ಕಣ್ಣಂದಾಜು ನಡೆಯಲ್ಲ. 5/16ರ ಶಾಫ್ಟಿನ ಮೇಲೆ 11/32ರ ಹ್ಯಾಂಡಲ್ ಕೂತಂತೆಯೇ ಕಾಣುತ್ತೆ, ಸ್ಕ್ರೂ ಬಿಗಿದರೆ ಗಟ್ಟಿಯೂ ಅನ್ನಿಸುತ್ತೆ. ಬಿಗಿಯಾಗಿ ಮುಚ್ಚಲು ಹೋದ ದಿನ ಜಾರುತ್ತೆ, ಜಾರುತ್ತಾ ಶಾಫ್ಟಿನ ಒಳ್ಳೆಯ ಹಲ್ಲನ್ನೂ ಕೆರೆಯುತ್ತೆ.

ಮರದ_ಕೀಲು:

ಮೇಲಿನ ಮಾತೆಲ್ಲ ಸರಿ. ಆದರೆ ಹಲ್ಲು ಯಾಕೆ ಸವೆಯಿತು ಅಂತ ಕೇಳದೆ ಹ್ಯಾಂಡಲ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಕ್ರ್ಯಾಂಕಿನ ಕೆಲಸ ಕದವನ್ನು ಚೌಕಟ್ಟಿನವರೆಗೆ ತಂದು ಬಿಡುವುದು. ರಬ್ಬರ್ ಅಂಚಿಗೆ ಕದ ತಾಗಿತೋ ಅಲ್ಲಿಗೆ ಅದರ ಕೆಲಸ ಮುಗಿಯಿತು. ಕೊನೆಯ ಕೆಲವು ಮಿ.ಮೀ. ಎಳೆದು ಬಿಗಿ ಮಾಡುವುದು ಪಕ್ಕದ ಲಾಕ್ ಹಿಡಿಯ ಕೆಲಸ. ಅದನ್ನೂ ಹ್ಯಾಂಡಲಿನಿಂದಲೇ ಮಾಡಿಸಿದರೆ ಹಲ್ಲು ಉಳಿಯಲ್ಲ. ಲಾಕ್ ಪೂರ್ತಿ ಬಿಡಿಸದೆ ತೆರೆಯಲು ಹೋಗುವುದು ಇದಕ್ಕಿಂತ ಕೆಟ್ಟದ್ದು. ಒಂದೇ ಹಿಡಿ ಮೇಲೂ ಕೆಳಗೂ ಎರಡು ಕಡೆ ಕೊಂಡಿ ಹಾಕುವ ಕಿಟಕಿಗಳಲ್ಲಿ ಹಿಡಿ ಅರ್ಧಕ್ಕೆ ನಿಂತರೆ ಒಂದು ಕೊಂಡಿ ಸಿಕ್ಕಿಕೊಂಡೇ ಇರುತ್ತೆ, ಹೊರಗೆ ಕಾಣಲ್ಲ.

ನಿಮ್ಮ ಕದ ಎರಡು ಗಾಜಿನದು, ಭಾರದ್ದು. ಜೋತು ಬಿದ್ದಿದೆಯಾ ನೋಡಿ. ತೋಳಿನ ತುದಿಯ ರೋಲರ್ ಕದದ ಕೆಳಗಿನ ಹಳಿಯಲ್ಲಿ ಓಡುತ್ತೆ. ಹಳಿಯಲ್ಲಿ ಒಂದು ಕಡೆ ಕಚ್ಚು ಇರುತ್ತೆ, ಕದವನ್ನು ಅಲ್ಲಿಯವರೆಗೆ ತೆರೆದು ತೋಳನ್ನು ಕೆಳಕ್ಕೆ ಒತ್ತಿದರೆ ರೋಲರ್ ಹೊರಬರುತ್ತೆ. ಕೆಲವು ಮಾದರಿಯಲ್ಲಿ ಹಳಿಯ ಬದಲು ತೋಳನ್ನು ಕದಕ್ಕೆ ಹಿಡಿದಿಡುವ ಕ್ಲಿಪ್ ಇರುತ್ತೆ, ಅದನ್ನು ಸರಿಸಿ ಬಿಡಿಸಬೇಕು. ತೋಳು ಬಿಟ್ಟ ಮೇಲೆ ಕದಕ್ಕೆ ಯಾವ ಹಿಡಿತವೂ ಇಲ್ಲ, ಒಂದು ಬೀಸು ಗಾಳಿಗೆ ಪೂರ್ತಿ ತೆರೆದು ಬಡಿಯುತ್ತೆ. ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ, ಕದಕ್ಕೆ ಹಗ್ಗ ಕಟ್ಟಿ ಒಳಗೆ ಬಿಗಿದಿಡಿ. ಮಹಡಿಯ ಕಿಟಕಿಯಾದರೆ ಇನ್ನೊಬ್ಬರು ಜೊತೆಗಿರಲೇಬೇಕು.

ಈಗ ಕದವನ್ನು ಎರಡು ಬೆರಳಲ್ಲಿ ತಳ್ಳಿ ನೋಡಿ. ಆರಂಭದಿಂದ ಕೊನೆಯವರೆಗೆ ಒಂದೇ ಸಮ ಹೋಗಬೇಕು. ಬಿಗಿಯಾಗುವ ಜಾಗ ಸಿಕ್ಕರೆ ಅದೇ ನಿಮ್ಮ ಹಲ್ಲು ತಿಂದದ್ದು. ಸಾಮಾನ್ಯವಾಗಿ ಕೀಲಿಗೆ ದೂರದ ಕೆಳಮೂಲೆ ಚೌಕಟ್ಟಿಗೆ ಉಜ್ಜುತ್ತಿರುತ್ತೆ, ಅಲ್ಲಿ ಬಣ್ಣ ಹೋಗಿ ಮರ ಹೊಳೆಯುತ್ತಿರುತ್ತೆ. ಕೀಲಿನ ಸ್ಕ್ರೂಗಳನ್ನು ಬಿಗಿ ಮಾಡಿ, ಮೇಲಿನ ಕೀಲಿನವು ಮುಖ್ಯ, ಕದ ಹೊರಕ್ಕೆ ವಾಲದಂತೆ ಎಳೆದು ಹಿಡಿಯುವುದು ಅವೇ. ಸ್ಕ್ರೂ ತಿರುಗುತ್ತಲೇ ಇದ್ದರೆ ಮರದ ತೂತು ಸಡಿಲವಾಗಿದೆ: ಗಟ್ಟಿ ಮರದ ಸಣ್ಣ ಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತು ತುಂಬಿ, ಒಂದು ರಾತ್ರಿ ಒಣಗಲು ಬಿಡಿ, ಮಟ್ಟಕ್ಕೆ ಕತ್ತರಿಸಿ, 4 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ತೂತು ಕೊರೆದು ಕೈಯಿಂದಲೇ ಬಿಗಿಯಿರಿ.

ಕೀಲಿನ ಹಳಿಯನ್ನು ಒಣ ಬ್ರಶ್‌ನಿಂದ ಕೆದಕಿ ಧೂಳು ಪೂರ್ತಿ ತೆಗೆದು, ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಅಡುಗೆ ಎಣ್ಣೆ, ಯಂತ್ರದ ಎಣ್ಣೆ ಎರಡೂ ಬೇಡ. ಎರಡು ತಿಂಗಳಲ್ಲಿ ಧೂಳು ಹಿಡಿದು ಉಪ್ಪುಕಾಗದದ ಹಾಗೆ ಉಜ್ಜುತ್ತೆ.

ಅಂಟುಗೋಂದು:

ಎಪಾಕ್ಸಿ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ಕೆಲಸ ಮಾಡುತ್ತೆ, ಕ್ರಮ ತಪ್ಪದಿದ್ದರೆ. ಉಕ್ಕಿನ ಪುಡಿ ಬೆರೆತ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು, ಐದು ನಿಮಿಷದಲ್ಲಿ ಒಣಗುವ ಪಾರದರ್ಶಕ ಅಂಟು ಸಾಲದು. ಹ್ಯಾಂಡಲಿನ ತೂತನ್ನು ಅಸಿಟೋನಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಶಾಫ್ಟಿಗೆ ಮೇಣ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ಹಲ್ಲುಗಳ ಸಂದಿಗೂ ತಲುಪುವಂತೆ ತೆಳ್ಳಗೆ ಸವರಿ. ಇದನ್ನು ಮರೆತರೆ ಹ್ಯಾಂಡಲ್ ಮುಂದೆಂದೂ ಹೊರಬರಲ್ಲ. ಸ್ಕ್ರೂಗೂ ಸ್ವಲ್ಪ ಸವರಿ. ತೂತಿನ ಒಳಗೋಡೆಗೆ ಮಾತ್ರ ಎಪಾಕ್ಸಿ ಹಚ್ಚಿ, ಹ್ಯಾಂಡಲನ್ನು ನೇರ ಒತ್ತಿ ಕೂರಿಸಿ, 24 ಗಂಟೆ ಮುಟ್ಟಬೇಡಿ. ಹೆಚ್ಚು ತುಂಬಿದರೆ ಉಕ್ಕಿ ಶಾಫ್ಟಿನ ಬುಡಕ್ಕೆ ಇಳಿದು ಅದನ್ನೇ ಹಿಡಿದುಬಿಡುತ್ತೆ. ಒಣಗಿದ ಮೇಲೆ ತೆಗೆದು ನೋಡಿದರೆ ಒಳಗೆ ಹೊಸ ಹಲ್ಲಿನ ಅಚ್ಚು ಮೂಡಿರುತ್ತೆ.

ಇಕ್ಕಳ_ಅರ:

ಅಂಟುಗೋಂದು ಅವರೇ, ಕ್ರಮ ಸರಿಯಾಗಿಯೇ ಹೇಳಿದ್ದೀರಿ. ಆದರೆ ಈ ಕಿಟಕಿಗೆ ನಾನು ಒಪ್ಪಲ್ಲ. ಹಲ್ಲಿನ ಎತ್ತರ ಒಂದು ಮಿ.ಮೀ. ಕೂಡ ಇರಲ್ಲ, ಅಷ್ಟು ತೆಳು ಎಪಾಕ್ಸಿ ಹಗುರ ಕದಕ್ಕೆ ತಡೆದೀತು, ಎರಡು ಗಾಜಿನ ಕದಕ್ಕೆ ಪುಡಿಯಾಗುತ್ತೆ. ಹೊಸ ಹ್ಯಾಂಡಲ್ ಬರುವವರೆಗೆ ಕಿಟಕಿ ಮುಚ್ಚಲೇಬೇಕು ಅಂದರೆ ಮಾತ್ರ ಅದು.

ತೆರೆದ_ಕಿಟಕಿ:

ಎಲ್ಲರಿಗೂ ವಂದನೆ. ಪರೀಕ್ಷೆ ಮಾಡಿದೆ. ಪ್ಲೈಯರಿನಲ್ಲಿ ತಿರುಗಿಸಿದರೆ ಕದ ಪೂರ್ತಿ ಮುಚ್ಚುತ್ತೆ, ಕೊನೆಗೆ ಬಿಗಿ. ಹ್ಯಾಂಡಲಿನ ಒಳಗೆ ಹಲ್ಲು ಅಂತ ಉಳಿದಿಲ್ಲ, ನುಣ್ಣಗಿದೆ. ಶಾಫ್ಟ್ ಹೊರಗೆ ಕಾಣುವುದು ಸುಮಾರು 16 ಮಿ.ಮೀ., ಅದರ ಮೇಲಿನ 6 ಮಿ.ಮೀ. ಸವೆದಿದೆ, ಕೆಳಗಿನದು ಚೂಪಾಗಿಯೇ ಇದೆ. ಬುಡದಲ್ಲಿ ದಪ್ಪ 8.7 ಮಿ.ಮೀ. ಹ್ಯಾಂಡಲಿನ ಸ್ಕ್ರೂ ಕೈಯಲ್ಲೇ ತಿರುಗುವಷ್ಟು ಸಡಿಲವಿತ್ತು. ತೋಳು ಬಿಡಿಸಿ ಕದ ತಳ್ಳಿದಾಗ ಕೆಳಮೂಲೆ ಉಜ್ಜುತ್ತಿರುವುದು ಸ್ಪಷ್ಟವಾಗಿ ಕಂಡಿತು. ಶಾಫ್ಟಿನ ತುದಿ ಸವೆದಿರುವುದಕ್ಕೆ ಹೊಸ ಹ್ಯಾಂಡಲ್ ನಿಲ್ಲುತ್ತಾ?

ಇಕ್ಕಳ_ಅರ:

ನಿಲ್ಲುತ್ತೆ. ಆಗಿರುವುದು ಇಷ್ಟು: ಸ್ಕ್ರೂ ಸಡಿಲವಾಗಿ ಹ್ಯಾಂಡಲ್ ಮೇಲಕ್ಕೆ ಸರಿದಿದೆ, ಪೂರ್ತಿ ಉದ್ದದ ಹಲ್ಲು ಹೊರಬೇಕಾದ ಭಾರವನ್ನು ತುದಿಯ 6 ಮಿ.ಮೀ. ಹೊತ್ತಿದೆ. ಕದ ಬೇರೆ ಉಜ್ಜುತ್ತಿತ್ತು. ಕೆಳಗಿನ 10 ಮಿ.ಮೀ. ಚೆನ್ನಾಗಿರುವುದರಿಂದ ಗೇರ್ ಪೆಟ್ಟಿಗೆ ತೆಗೆಯುವ ಅಗತ್ಯವೇ ಇಲ್ಲ. ನಿಮ್ಮದು 11/32ರ ಹ್ಯಾಂಡಲ್.

ಹೊಸದು ಬಂದಾಗ ಮೊದಲು ಸ್ಕ್ರೂ ಬಿಗಿಯದೆ ಸುಮ್ಮನೆ ಕೂರಿಸಿ, ಬುಡದವರೆಗೆ ಇಳಿಯುತ್ತಾ ನೋಡಿ. ಮುಚ್ಚಳಕ್ಕೆ ತಾಗಿ ಮೇಲೇ ನಿಂತರೆ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ. ಕೂತಿದ್ದೂ ಹಾಗೇ ಆದರೆ ಹ್ಯಾಂಡಲಿನ ಕುತ್ತಿಗೆಯ ಕೆಳ ಅಂಚನ್ನು ಅರದಿಂದ ಒಂದೆರಡು ಮಿ.ಮೀ. ಉಜ್ಜಿ ಇಳಿಸಿ. ಒಳ್ಳೆಯ ಹಲ್ಲಿನ ಮೇಲೆ ಅದು ಕೂರಲೇಬೇಕು.

ಆಮೇಲೆ ಸ್ಕ್ರೂ ಕೂರಲು ಶಾಫ್ಟಿನ ಮೇಲೆ ಒಂದು ಚಪ್ಪಟೆ ಜಾಗ ಮಾಡಿ. ಕದ ಪೂರ್ತಿ ಮುಚ್ಚಿ ಲಾಕ್ ಹಾಕಿದ ಸ್ಥಿತಿಯಲ್ಲಿ ಹ್ಯಾಂಡಲ್ ಯಾವ ಕಡೆ ನಿಲ್ಲಬೇಕೋ ಆ ಕಡೆ ತಿರುಗಿಸಿ ಕೂರಿಸಿ, ಸ್ಕ್ರೂ ಬಿಗಿದು ಬಿಡಿಸಿ. ಶಾಫ್ಟಿನ ಮೇಲೆ ಸಣ್ಣ ಚುಕ್ಕೆ ಮೂಡಿರುತ್ತೆ. ಆ ಚುಕ್ಕೆಯ ಸುತ್ತ ಸಣ್ಣ ಅರದಿಂದ 5 ಮಿ.ಮೀ. ಉದ್ದ, ಹೆಚ್ಚೆಂದರೆ 1 ಮಿ.ಮೀ. ಆಳ ಉಜ್ಜಿ. ಉಜ್ಜುವ ಮುಂಚೆ ಶಾಫ್ಟಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಕಬ್ಬಿಣದ ಪುಡಿ ಗೇರಿಗೆ ಇಳಿಯಬಾರದು. ಆಳ ಜಾಸ್ತಿ ಮಾಡಬೇಡಿ, ಆ ಬದಿಯ ಹಲ್ಲೂ ಬೇಕು. ಸ್ಕ್ರೂವಿಗೆ ಬಿಚ್ಚಬಹುದಾದ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿದರೆ ಮತ್ತೆ ಸಡಿಲವಾಗಲ್ಲ.

ಕೀಲಿನ ಕೆಲಸ ಮುಗಿಸಿ, ಕದ ಎರಡು ಬೆರಳಿಗೆ ಓಡಿದ ಮೇಲಷ್ಟೇ ತೋಳನ್ನು ಮತ್ತೆ ಸಿಕ್ಕಿಸಿ. ಹೊಸ ಹ್ಯಾಂಡಲಿನ ಮೊದಲ ಸುತ್ತೇ ಉಜ್ಜುವ ಕದದ ಮೇಲೆ ಆಗುವುದು ಬೇಡ.

ಮರದ_ಕೀಲು:

ಇದನ್ನು ಓದುವವರಲ್ಲಿ ಗೇರೇ ಹೋದವರೂ ಇರಬಹುದು, ಅವರಿಗಾಗಿ ಇಷ್ಟು. ಬಹುತೇಕ ಪೆಟ್ಟಿಗೆಗಳಲ್ಲಿ ಒಳಗಿನ ಗೇರು ಬಿಡಿಯಾಗಿ ಸಿಗಲ್ಲ, ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ತೋಳು ಬಿಡಿಸಿ, ಮುಚ್ಚಳ ಎತ್ತಿ, ಚೌಕಟ್ಟಿಗೆ ಹಿಡಿದಿರುವ ಮೂರೋ ನಾಲ್ಕೋ ಸ್ಕ್ರೂ ತೆಗೆದರೆ ಬರುತ್ತೆ. ಮೇಲೆ ಮರದ ಪಟ್ಟಿ ಇದ್ದರೆ ಬಣ್ಣದ ಗೆರೆಯನ್ನು ಚಾಕುವಿನಿಂದ ಕೊಯ್ದು ಆಮೇಲೆ ಎಬ್ಬಿಸಿ, ಇಲ್ಲದಿದ್ದರೆ ಪಟ್ಟಿ ಸೀಳುತ್ತೆ. ಹೊಸದಕ್ಕೆ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಒಳಗಿನಿಂದ ನೋಡಿದಾಗ ಕೀಲು ಎಡಕ್ಕೋ ಬಲಕ್ಕೋ, ತೋಳಿನ ತಿರುಗಣಿಯ ನಡುವಿನಿಂದ ರೋಲರಿನ ನಡುವಿನವರೆಗಿನ ಉದ್ದ, ಸ್ಕ್ರೂ ತೂತುಗಳ ನಡುವಿನ ಅಂತರ, ಶಾಫ್ಟಿನ ದಪ್ಪ. ತೋಳಿನ ಮೇಲೋ ಪೆಟ್ಟಿಗೆಯ ಅಡಿಯಲ್ಲೋ ಅಚ್ಚಾದ ಸಂಖ್ಯೆ ಇದ್ದರೆ ಫೋಟೊ ತೆಗೆಯಿರಿ. ತೋಳು ಒಂದೇ ಆಗಿರುವುದು, ನಡುವೆ ಮಡಚುವುದು, ಎರಡು ತೋಳಿನದು ಹೀಗೆ ಬೇರೆ ಬೇರೆ ಇವೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಎಡದ್ದನ್ನು ಬಲಕ್ಕೆ ಹಾಕಲೂ ಬರಲ್ಲ.

ಹಳೆಯ ಪೆಟ್ಟಿಗೆಯನ್ನು ಹೊಸದರ ಮೇಲೆ ಇಟ್ಟು ತೂತಿಗೆ ತೂತು ಕೂರುತ್ತಾ ನೋಡುವ ಮುಂಚೆ ಹಳೆಯದನ್ನು ಎಸೆಯಬೇಡಿ. ಹೊಸದು ಬರುವವರೆಗೆ ತೋಳು ಬಿಡಿಸಿದ ಕದವನ್ನು ಕೈಯಿಂದ ಎಳೆದು ಲಾಕ್ ಹಾಕಿಡಿ, ಲಾಕ್ ಒಂದೇ ಅದನ್ನು ಹಿಡಿದಿಡುತ್ತೆ. ಹಿಡಿಯ ಮೇಲೆ ಒಂದು ಚೀಟಿಯೂ ಅಂಟಿಸಿ, ಗೊತ್ತಿಲ್ಲದವರು ಲಾಕ್ ತೆಗೆದರೆ ಕದ ಗಾಳಿಗೆ ಹೋಗುತ್ತೆ.