ಪಂಗಡ ಬಿಟ್ಟರೂ ಬಿಡದ ಭಯ

ಪ್ರಶ್ನೆ: ಹದಿನಾರು ವರ್ಷ ಕಟ್ಟುನಿಟ್ಟಿನ ಧಾರ್ಮಿಕ ಪಂಗಡವೊಂದರಲ್ಲಿದ್ದು, ಕಳೆದ ವರ್ಷ ಹೊರಬಂದು ಜಯನಗರದಲ್ಲಿ ಒಬ್ಬಳೇ ವಾಸವಾಗಿದ್ದೇನೆ. ನಂಬಿಕೆ ಹೋಗಿದೆ; ಆದರೂ ಗುಡುಗಿದರೆ ಶಿಕ್ಷೆಯೇ ಬಂತೆಂದು ಎದೆ ನಡುಗುತ್ತದೆ. ಹೊರಗಿನವರೊಬ್ಬರನ್ನು ಮದುವೆಯಾಗುವ ಯೋಚನೆಯಿದೆ. ಅದಕ್ಕಾಗಿ ಮತ್ತೊಂದು ಧರ್ಮವನ್ನು ಒಪ್ಪಿಕೊಳ್ಳಲೇಬೇಕೇ?

ಉತ್ತರ 1: ಬೇಕಿಲ್ಲ. ಸಂವಿಧಾನದ 25ನೇ ವಿಧಿಯು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ರಕ್ಷಿಸುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಯಾರೂ ಧರ್ಮ ಬದಲಿಸಬೇಕಾಗಿಲ್ಲ. ಆದರೆ 30 ದಿನಗಳ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವುದರಿಂದ, ಮನೆಯವರಿಗೆ ಸುದ್ದಿ ಮುಟ್ಟಬಹುದೆಂಬುದನ್ನು ಮೊದಲೇ ಎಣಿಸಿಕೊಳ್ಳಿ.

ಉತ್ತರ 2: ನಾನು ಹೊರಬಂದು ಒಂಬತ್ತು ವರ್ಷವಾಯಿತು. ಬುದ್ಧಿ ಬಿಟ್ಟದ್ದನ್ನು ಮೈ ಬಿಡುವುದು ನಿಧಾನ. ವಿಚಾರವಾದಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಬಸವನಗುಡಿಗೆ ಹೋಗುತ್ತಿದ್ದೆ. ಪ್ರಶ್ನೆ ಕೇಳಿದವರನ್ನು ಅಲ್ಲಿ ಯಾರೂ ಪಾಪಿ ಎನ್ನಲಿಲ್ಲ. (ಹಬ್ಬದ ಒಬ್ಬಟ್ಟನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ.)

ಉತ್ತರ 3: ನಿದ್ದೆಯೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.